ಅಳಿಯನಿಗೆ ಮಾಮಾನ ಪತ್ರ: ಮೂಲಸೌಕರ್ಯ ಫಂಡಿನ ಲೆಕ್ಕ

ನವನಗರ, ಬಾಗಲಕೋಟೆ
12 ಮೇ 2025

ಚಿರಂಜೀವಿ ತಮ್ಮನಿಗೆ ನಿನ್ನ ಮಾಮಾ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ಬಸವ ಜಯಂತಿಗೆ ಬಂದಾಗ ಮೊಬೈಲಿನಲ್ಲಿ ಒಂದು ಫಂಡಿನ ಹಾಳೆ ತೋರಿಸಿದೆಯಲ್ಲ, ಇದು ಅದರದೇ ವಿಚಾರ. ವಿದ್ಯುತ್, ರಸ್ತೆ, ಬಂದರು ಕಂಪನಿಗಳ ಶೇರು ಕೊಳ್ಳುವ ಮೂಲಸೌಕರ್ಯ ಮ್ಯೂಚುವಲ್ ಫಂಡು. ಐದು ವರ್ಷದ ಗಳಿಕೆ ದಪ್ಪ ಅಕ್ಷರದಲ್ಲಿತ್ತು. ಫೌಂಡ್ರಿ ಕೆಲಸದಲ್ಲಿ ಕೂಡಿಸಿಟ್ಟ ಮೂರು ಲಕ್ಷವನ್ನೂ ಒಂದೇ ಸಲ ಇದಕ್ಕೇ ಹಾಕಿಬಿಡ್ತೀನಿ ಮಾಮಾ ಅಂದೆ. ಮನೆ ತುಂಬ ಮಂದಿ ಇದ್ದರು, ನಾನು ಸುಮ್ಮನಾದೆ. ಆವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ನೀನು ಹಣ ಹಾಕುವ ಮೊದಲು ಈ ಪತ್ರ ನಿನ್ನ ಕೈ ಸೇರಬೇಕು.

ನಾನೂ ಇಂಥದೇ ಫಂಡಿಗೆ ಹಣ ಹಾಕಿದ್ದೆ. ನಿನ್ನ ಅವ್ವನಿಗೂ ಇದು ಪೂರ್ತಿ ಗೊತ್ತಿಲ್ಲ. ಹಳೇ ಊರಿನ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತಲ್ಲ, ಆಗ ಬಂದ ಮುಳುಗಡೆ ಪರಿಹಾರದಲ್ಲಿ ಇಲ್ಲಿ ಮನೆ ಕಟ್ಟಿದ ಮೇಲೆ 2 ಲಕ್ಷ ಉಳಿದಿತ್ತು. 2008ರ ಜನವರಿ. ಪೇಪರ್ ತೆಗೆದರೆ ಹೊಸ ಕರೆಂಟ್ ಸ್ಥಾವರದ ಸುದ್ದಿ, ಟಿವಿ ಹಚ್ಚಿದರೆ ಹೆದ್ದಾರಿ ಸುದ್ದಿ. ದೇಶ ಬೆಳೀಬೇಕಂದ್ರೆ ಇವೆಲ್ಲ ಬೇಕೇ ಬೇಕು, ಹಾಗಾಗಿ ಈ ಶೇರು ಬೀಳೋದೇ ಇಲ್ಲ ಅಂತ ಏಜೆಂಟ್ ಹೇಳಿದ. ನನಗೂ ಅದು ನಿಜ ಅನ್ನಿಸಿತು. ಸಹಿ ಹಾಕಿದೆ.

ತಿಂಗಳಿಗೊಮ್ಮೆ ಡೈರಿಯಲ್ಲಿ ಪೆನ್ಸಿಲಿನಿಂದ ಬೆಲೆ ಬರೆದಿಡುತ್ತಿದ್ದೆ. ಈಗ ಅದನ್ನು ಟ್ರಂಕಿನಿಂದ ತೆಗೆದು ಮುಂದೆ ಇಟ್ಟುಕೊಂಡಿದ್ದೇನೆ. ಜನವರಿ, 2,00,000. ಅಕ್ಟೋಬರ್, 92,000. ಮರುವರ್ಷ ಮಾರ್ಚ್, 79,000. ಆಮೇಲೆ ಎಷ್ಟೋ ಪುಟ ಖಾಲಿ. ಬರೆಯೋಕೆ ಕೈ ಏಳಲಿಲ್ಲ. 2014ರ ನಡುವೆ ಮತ್ತೆ 2 ಲಕ್ಷದ ಹತ್ತಿರ ಬಂದಾಗ ಅಸಲು ಸಿಕ್ಕಿತಲ್ಲ, ಸಾಕು ಅಂತ ತೆಗೆದುಬಿಟ್ಟೆ. ಆರೂವರೆ ವರ್ಷ ಕಾದದ್ದು ಅಷ್ಟಕ್ಕೇ. ಎಂಟೂವರೆ ಬಡ್ಡಿಯ ಎಫ್‌ಡಿ ಇಟ್ಟಿದ್ದರೂ 3 ಲಕ್ಷ 40 ಸಾವಿರ ಆಗುತ್ತಿತ್ತು. ಎಫ್‌ಡಿ ಇಡ್ರಿ ಅಂತ ನಿನ್ನ ಅತ್ತೆ ಆವತ್ತೇ ಹೇಳಿದ್ದಳು.

ಇದು ನನ್ನೊಬ್ಬನ ಹಣೆಬರಹ ಅಂದುಕೊಳ್ಳಬೇಡ. ಇಂಥ ಕಂಪನಿಗಳ ಶೇರಿನ ಬೆಲೆ ಒಟ್ಟಾಗಿ ಎಷ್ಟು ಏರಿತು, ಇಳಿಯಿತು ಅಂತ ತೋರಿಸುವ ನಿಫ್ಟಿ ಇನ್‌ಫ್ರಾಸ್ಟ್ರಕ್ಚರ್ ಸೂಚ್ಯಂಕ ತೆಗೆದು ನೋಡು. 2004ರ ಜನವರಿ ಬೆಲೆಯನ್ನು 1,000 ಅಂತ ಹಿಡಿದು ಅದರ ಲೆಕ್ಕ ಶುರುವಾಗುತ್ತದೆ. 2008ರ ಜನವರಿಗೆ 6,000 ದಾಟಿತ್ತು. ನಾಲ್ಕೇ ವರ್ಷದಲ್ಲಿ ಆರು ಪಟ್ಟು! 2023 ಮುಗಿಯುವಾಗ ಎಷ್ಟಿತ್ತು ಗೊತ್ತಾ? 7,000ಕ್ಕಿಂತ ಸ್ವಲ್ಪ ಮೇಲೆ. ಅಂದರೆ 2004ರಲ್ಲಿ ಹಾಕಿ 20 ವರ್ಷ ಕೂತವನಿಗೆ ವರ್ಷಕ್ಕೆ ಶೇಕಡಾ 10ರಷ್ಟು ಸಿಕ್ಕಿತು. ನನ್ನ ಹಾಗೆ 2008ರ ಜನವರಿಯಲ್ಲಿ ಹಾಕಿ, ತೆಗೆಯದೇ 16 ವರ್ಷ ಕೂತವನಿಗೆ ಸಿಕ್ಕಿದ್ದು ಶೇಕಡಾ 1ರ ಆಸುಪಾಸು. ಕಂಪನಿಗಳು ಹಂಚುವ ಲಾಭ, ಅಂದರೆ ಡಿವಿಡೆಂಡ್ ಸೇರಿಸಿದರೆ ಎರಡೂ ಸ್ವಲ್ಪ ಏರುತ್ತವೆ, ಆದರೆ ನಡುವಿನ ಅಂತರ ಹಾಗೇ ಉಳಿಯುತ್ತದೆ. ಇನ್ನೊಂದು ಮಾತು. ಅದೇ 2008ರ ಜನವರಿಯಲ್ಲಿ, ಎಲ್ಲ ವಲಯದ 50 ದೊಡ್ಡ ಕಂಪನಿಗಳ ಸೂಚ್ಯಂಕ ನಿಫ್ಟಿ 50 ಕೂಡ 6,000ದ ಮೇಲೇ ಇತ್ತು. 2023ರ ಕೊನೆಗೆ ಅದು 21,000 ದಾಟಿತ್ತು.

ಹಾಗಾಗಿ ಯಾರಾದರೂ ದೀರ್ಘಾವಧಿಯ ಗಳಿಕೆ ಇಷ್ಟು ಅಂದರೆ, ಯಾವ ದಿನದಿಂದ ಯಾವ ದಿನಕ್ಕೆ ಅಂತ ಕೇಳು. ನಿನ್ನ ಹಾಳೆಯಲ್ಲಿದ್ದ ಐದು ವರ್ಷ 2020ರ ಮಾರ್ಚ್ ಕೊನೆಯಿಂದ ಎಣಿಸಿದ್ದು. ಲಾಕ್‌ಡೌನ್ ಬಂದು ಶೇರುಪೇಟೆ ನೆಲಕಚ್ಚಿದ ತಿಂಗಳು ಅದು. ಬಾವಿಯ ತಳದಿಂದ ಅಳೆದರೆ ಮೆಟ್ಟಿಲು ಜಾಸ್ತಿ ಕಾಣುತ್ತವೆ ಅಲ್ವಾ?

ಇಂಥ ಕೆಲಸಗಳ ಸ್ವಭಾವವೇ ನಿಧಾನ ತಮ್ಮಾ. ನಮ್ಮ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅಬ್ದುಲ್ ಕಲಾಂ ಬಂದು ನಾಡಿಗೆ ಅರ್ಪಿಸಿದ್ದು 2006ರಲ್ಲಿ. ಬಾಗಲಕೋಟೆ-ಕುಡಚಿ ರೈಲು ಮಾರ್ಗ ಮಂಜೂರಾಗಿ ಹದಿನಾಲ್ಕು ವರ್ಷದ ಮೇಲಾಯಿತು, ಇನ್ನೂ ಕುಡಚಿ ಮುಟ್ಟಿಲ್ಲ. ಆದರೆ ಶೇರಿನ ಬೆಲೆ ಅಡಿಗಲ್ಲಿನ ದಿನವೇ ಓಡಿಬಿಡುತ್ತದೆ. ಆಮೇಲೆ ಜಮೀನಿನ ತಕರಾರು ಬರುತ್ತದೆ, ಸಾಲದ ಬಡ್ಡಿ ಬೆಳೆಯುತ್ತದೆ. 2008ರ ನಂತರ ಆದದ್ದು ಅದೇ. 2014ರಲ್ಲಿ ಸುಪ್ರೀಂ ಕೋರ್ಟ್ 214 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆ ರದ್ದು ಮಾಡಿತು. ಕಲ್ಲಿದ್ದಲು ನೆಚ್ಚಿಕೊಂಡು ಸಾಲ ಎತ್ತಿದ್ದ ಕಂಪನಿಗಳ ಗತಿ ಏನಾಗಿರಬೇಡ! ಇಂಥ ಹೊತ್ತಿನಲ್ಲಿ ಫಂಡ್ ಮ್ಯಾನೇಜರ್ ಬೇರೆ ಕಡೆ ಓಡುವ ಹಾಗೂ ಇಲ್ಲ. ಶೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಕನಿಷ್ಠ ಶೇಕಡಾ 80ರಷ್ಟು ಹಣ ಅದೇ ವಲಯದಲ್ಲಿ ಇರಲೇಬೇಕು.

ಕರೆಂಟ್ ಕಂಪನಿಗಳದು ಇನ್ನೊಂದು ಲೆಕ್ಕ. ಕೂಡಗಿಯ ಚಿಮಣಿ ನೋಡಿದ್ದೀಯಲ್ಲ, ಕೇಂದ್ರ ಸರಕಾರದ ಕರೆಂಟ್ ಕಂಪನಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಸ್ಥಾವರ. ಅಂಥ ಸ್ಥಾವರಗಳ ದರ ನಿಗದಿ ಮಾಡುವುದು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ. ಹಾಕಿದ ಸ್ವಂತ ಬಂಡವಾಳಕ್ಕೆ ಶೇಕಡಾ 15.5ರ ಲೆಕ್ಕದಲ್ಲಿ ಲಾಭ ಸೇರಿಸಿ ದರ ಕಟ್ಟುತ್ತಾರೆ. ಆದಾಯಕ್ಕೆ ಒಂದು ಬುಡ ಇರುತ್ತದೆ, ಹಾಗೇ ಒಂದು ಛಾವಣಿಯೂ ಇರುತ್ತದೆ. ಅಂಥ ಶೇರನ್ನೂ ಜನ ಮುಗಿಬಿದ್ದು ದುಬಾರಿ ಬೆಲೆಗೆ ಕೊಂಡರೆ, ಆ ಹದಿನೈದೂವರೆ ಕೊಂಡವನ ಕೈಗೆ ಬರುವುದಿಲ್ಲ.

ಹಾಕಲೇಬೇಡ ಅನ್ನುತ್ತಿಲ್ಲ. ಆದರೆ ಮೂರೂ ಲಕ್ಷ ಬೇಡ. ಇನ್ನು ನಾಲ್ಕು ವರ್ಷಕ್ಕೆ ಬೆಳಗಾವಿಯಲ್ಲಿ ಸೈಟು ತೊಗೋಬೇಕು ಅಂತ ನೀನೇ ಹೇಳಿದೆ. ಅದಕ್ಕೆ ಬೇಕಾದ 2 ಲಕ್ಷ ಬ್ಯಾಂಕಿನಲ್ಲೇ ಇರಲಿ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಇಡೀ ಪೇಟೆಯ ಸೂಚ್ಯಂಕ ಫಂಡಿಗೆ, ಅಂದರೆ ಸೂಚ್ಯಂಕದಲ್ಲಿರುವ ಶೇರುಗಳನ್ನೇ ಕೊಳ್ಳುವ ಫಂಡಿಗೆ ಹೋಗಲಿ. ಈ ಮೂಲಸೌಕರ್ಯದ ಆಸೆಗೆ ಹತ್ತರಲ್ಲಿ ಒಂದು ಪಾಲು ಇಡು, ಅದನ್ನೂ ಎಸ್‌ಐಪಿ ಮಾಡಿ ತಿಂಗಳು ತಿಂಗಳು ಹಾಕು. ನಾನು ಹಾಗೆ ಹಾಕಿದ್ದರೆ 2009ರ ಮಾರ್ಚಿನ ಬಿದ್ದ ಬೆಲೆಗೂ ಫಂಡಿನ ಪಾಲು (ಯೂನಿಟ್) ಸಿಕ್ಕಿರುತ್ತಿತ್ತು. ಏಜೆಂಟ್ ಇಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್ ತೊಗೋ, ಕಮಿಷನ್ ಉಳಿಯುತ್ತದೆ.

ಮುಂದಿನ ರವಿವಾರ ರಜೆ ಇದ್ದರೆ ಬಾ. ಡೈರಿ ನಿನ್ನ ಕೈಗೇ ಕೊಡುತ್ತೇನೆ, ಖಾಲಿ ಪುಟ ಸಮೇತ ನೋಡು. ಅಲ್ಲಿಯವರೆಗೆ ಮೊಬೈಲಿನಲ್ಲಿ ಆ ಬಟನ್ ಒತ್ತಬೇಡ. ಬರುವಾಗ ನಿನ್ನ ಅವ್ವನನ್ನೂ ಕರೆದುಕೊಂಡು ಬಾ, ಬಿಳಿಜೋಳ ಒಂದು ಚೀಲ ತೆಗೆದಿಟ್ಟಿದ್ದೇವೆ.

ಇತಿ ನಿನ್ನ
ಮಾಮಾ