ಮರಗೆಣಸಿನ ಸೊಪ್ಪು ಇನ್ನು ಮಾರಾಟಕ್ಕಿಲ್ಲ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಈ ಹಂಗಾಮಿನಿಂದ ನಮ್ಮ ಬೆಳೆಗಾರರ ಸಂಘ ಮರಗೆಣಸಿನ ಹಸಿ ಸೊಪ್ಪಿನ ಕಟ್ಟು ಮಾರುವುದಿಲ್ಲ. ಗೆಡ್ಡೆ ಎಂದಿನಂತೆ ಸಿಗುತ್ತದೆ, ಆದರೆ ಕಿಲೋಗೆ 3 ರೂಪಾಯಿ ಹೆಚ್ಚು. ಆಡು ಸಾಕುವವರು ಆಗಲೇ ಮುನಿಸಿಕೊಂಡಿದ್ದೀರಿ. ಕಾರಣ ಹೇಳಿಬಿಡುತ್ತೇವೆ.

‘ಹೇಗೂ ಉದುರಿಹೋಗುವ ಎಲೆ ತಾನೇ, ಕೊಟ್ಟರೇನು ಗಂಟು ಹೋಗುತ್ತದೆ?’ ಎಂದು ಹಲವರು ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಮರಗೆಣಸು ಎಲೆ ಉದುರಿಸುತ್ತಲೇ ಬೆಳೆಯುವ ಗಿಡ. ಮೇಲೆ ಚಿಗುರು ಒತ್ತಾದಂತೆ ಕೆಳಗಿನ ಎಲೆಗೆ ಬಿಸಿಲು ತಾಗದೆ ಹಳದಿಗಟ್ಟುತ್ತದೆ. ಎರಡು ಮೂರು ತಿಂಗಳಿಗೆ ಅದರ ಆಯಸ್ಸು ಮುಗಿಯಿತು. ನೀರು ಕಡಿಮೆಯಾದರೆ ಇನ್ನೂ ಬೇಗ ಉದುರುತ್ತದೆ. ಗಿಡ ಬೇಸಗೆ ದಾಟುವುದೇ ಹಾಗೆ.

ಆದರೆ ನೀವು ಒಯ್ಯುತ್ತಿದ್ದುದು ಹಣ್ಣೆಲೆಯಲ್ಲ, ಹಸುರೆಲೆ. ಎಲೆ ಹಣ್ಣಾಗುವಾಗ ಗಿಡ ಅದರಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಷ್‌ನಲ್ಲಿ ಒಂದು ಪಾಲನ್ನು ಹಿಂದಕ್ಕೆ ಎಳೆದುಕೊಂಡು ಚಿಗುರಿಗೂ ಗೆಡ್ಡೆಗೂ ಕೊಡುತ್ತದೆ. ಕ್ಯಾಲ್ಸಿಯಂ ಮಾತ್ರ ಕೂತಲ್ಲಿಂದ ಕದಲುವುದಿಲ್ಲ, ಎಲೆಯ ಜೊತೆಗೇ ನೆಲಕ್ಕೆ ಬಿದ್ದು ಕೊಳೆತು ಮಣ್ಣು ಸೇರುತ್ತದೆ. ಹಸುರಿರುವಾಗಲೇ ಚಿವುಟಿದರೆ ಗಿಡಕ್ಕೂ ಇಲ್ಲ, ಮಣ್ಣಿಗೂ ಇಲ್ಲ. ಗೆಡ್ಡೆಗೆ ಪಿಷ್ಟ ಮಾಡಿ ಕೊಡುವುದೂ ಅದೇ ಎಲೆ. ಒಂದೇ ಬೆಳೆಯಲ್ಲಿ ಎರಡು ಆದಾಯವೆಂದು ನಾವೇ ಹಿಗ್ಗಿದ್ದೆವು. ಸೊಪ್ಪು ಜಾಸ್ತಿ ಕೊಯ್ದ ಸಾಲುಗಳಲ್ಲಿ ಗೆಡ್ಡೆ ಬೆರಳು ಗಾತ್ರ ಬಂದಾಗ ಬಾಯಿ ಮುಚ್ಚಿತು.

ಇನ್ನು ಆ 3 ರೂಪಾಯಿ. ಉದುರಿದ ಎಲೆಯಿಂದಲೇ ಎಲ್ಲ ಸರಿಹೋಗುತ್ತದೆ ಎಂದರೆ ಸುಳ್ಳಾಗುತ್ತದೆ. ಗೆಡ್ಡೆ ಹೊತ್ತೊಯ್ಯುವ ಪೊಟ್ಯಾಷ್ ಬಹಳ, ಅದು ನಿಮ್ಮ ಅಡುಗೆಮನೆಗೆ ಹೋಗಿ ಮುಗಿಯುತ್ತದೆ. ನಮ್ಮ ಮುರಕಲ್ಲು ಮಣ್ಣಿನಲ್ಲಂತೂ ಉಳಿದದ್ದನ್ನು ಮಳೆ ತೊಳೆಯುತ್ತದೆ. ಹಾಗಾಗಿ ಪ್ರತಿ ಬೆಳೆಗೂ ಬೂದಿ, ಹಟ್ಟಿಗೊಬ್ಬರ, ಸ್ವಲ್ಪ ಪೊಟ್ಯಾಷ್ ಹಾಕುತ್ತೇವೆ. ಸೊಪ್ಪಿನ ದುಡ್ಡು ನಿಂತ ಮೇಲೆ ಆ ಖರ್ಚು ಗೆಡ್ಡೆಯ ಮೇಲೇ ಬೀಳುತ್ತದೆ.

ಆಡಿನವರಿಗೆ ಒಂದು ದಾರಿ ಇದೆ. ಗೆಡ್ಡೆ ಕೀಳುವ ದಿನ ತುದಿಯಲ್ಲಿ ಹಸುರೆಲೆ ಉಳಿದಿರುತ್ತದೆ. ಅರ್ಧ ಕೊಚ್ಚಿ ಮಣ್ಣಿಗೆ, ಅರ್ಧ ತೋಟಕ್ಕೇ ಬಂದವರಿಗೆ, ಬಿಟ್ಟಿಯಾಗಿ. ಕಾಂಡ ಕೇಳಬೇಡಿ, ಮುಂದಿನ ನಾಟಿಗೆ ಬೇಕು. ಆರೇಳು ತಿಂಗಳಿಗೆ ಬರುವ ಶ್ರೀ ಜಯ ತಳಿಯನ್ನು ಮೊದಲು ಕೀಳುತ್ತೇವೆ, ಉಳಿದದ್ದು ಹತ್ತನೇ ತಿಂಗಳಿಗೆ. ದಿನ ತಿಳಿಯಲು ಮಳಿಗೆಯ ಹಲಗೆ ನೋಡಿ. ಎಲೆಯನ್ನು ಕೊಚ್ಚಿ ಬಿಸಿಲಿಗೆ ಚೆನ್ನಾಗಿ ಒಣಗಿಸದೆ ಆಡಿಗೆ ಹಾಕಬೇಡಿ. ಹಸಿ ಎಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ.

ಗೆಡ್ಡೆ ಕೊಳ್ಳುವವರಿಗೆ ಹಳೆಯ ಮಾತೇ: ಕಿತ್ತ ಎರಡು ಮೂರು ದಿನದೊಳಗೆ ಬೇಯಿಸಿ, ಆಮೇಲೆ ಒಳಗೆ ನೀಲಿ ಗೆರೆ ಮೂಡುತ್ತದೆ. ಅದಕ್ಕೇ ಶನಿವಾರ ಕಿತ್ತು ಭಾನುವಾರ ಬೆಳಿಗ್ಗೆ ಮಾರುತ್ತೇವೆ.

ಇಂತಿ,
ನಿಮ್ಮ ಬೆಳೆಗಾರರ ಸಂಘ