ಯಾವ ಡಿಪೋ ಅಂತ ಕೇಳಿದರು!

ಮಾನ್ಯರೇ,

ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ‘ಅನುಮತಿ ಇಲ್ಲದೆ ನಿರ್ವಾಹಕರ ಸಭೆ: ಭವನಕ್ಕೆ ಬೀಗ’ ಎಂಬ ಸುದ್ದಿ ಬಂದಿದೆಯಲ್ಲ, ಆ ಸಭೆ ಕರೆದವನು ನಾನೇ. ಅಲ್ಲಿ ಬಸ್ ನಿರ್ವಾಹಕರು ಒಬ್ಬರೂ ಇರಲಿಲ್ಲ. ಇದ್ದವರು ನಾವು 14 ಜನ, ಎರಡು ಸ್ಪೀಕರ್, ಒಂದು ಪಾತ್ರೆ ವಡೆ.

ನಡೆದದ್ದು ಇಷ್ಟು. ಜಪಾನಿನ ಮಸಾಕಿ ಸುಜುಕಿ ಅವರ ಬಗ್ಗೆ ಮಾತಾಡಿ, ಅವರ ಧ್ವನಿಮುದ್ರಿಕೆ ಕೇಳೋಣ ಅಂತ ಭಾನುವಾರ ಸಂಜೆ ನಮ್ಮ ಬಡಾವಣೆಯ ಭವನ ಕೇಳಿದ್ದೆವು. ಅರ್ಜಿಯ ‘ವಿಷಯ’ ಎಂಬ ಜಾಗದಲ್ಲಿ ‘ಕಂಡಕ್ಟರ್ ಸುಜುಕಿ ಅವರ ಸಾಧನೆ’ ಎಂದು ಬರೆದೆ. ಅಲ್ಲಿಂದ ಶುರುವಾಯಿತು ನೋಡಿ. ಗುಮಾಸ್ತರು ಕಂಡಕ್ಟರ್ ಎಂಬ ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಕನ್ನಡಕದ ಮೇಲಿಂದ ನೋಡಿ, ‘ಯಾವ ಡಿಪೋ?’ ಎಂದರು. ಸಂಗೀತದ ಕಂಡಕ್ಟರ್ ಸ್ವಾಮಿ, ಕೈಯಾಡಿಸಿ ಗಾಯಕರನ್ನೂ ವಾದ್ಯದವರನ್ನೂ ನಡೆಸುವವರು ಎಂದೆ. ಆಮೇಲೆ ‘ಸುಜುಕಿ ಅಂದ್ರೆ ಕಾರ್ ಕಂಪನಿ ಅಲ್ವಾ? ಹಾಗಾದ್ರೆ ಕಮರ್ಷಿಯಲ್ ರೇಟು’ ಎಂದರು. ಮೂರು ಸಲ ಅಲೆದೆ. ಮೂರು ಸಲವೂ ಸಾಹೇಬರು ಫೀಲ್ಡಿಗೆ ಹೋಗಿದ್ದರು. ಯಾವ ಫೀಲ್ಡೋ, ಏನು ಬೆಳೆಯೋ! ಶನಿವಾರ ‘ಆಯ್ತು ಬನ್ನಿ’ ಎಂದು ಬಾಯಲ್ಲಿ ಹೇಳಿ 500 ರೂಪಾಯಿ ತಗೊಂಡರು. ರಸೀದಿ ಸೋಮವಾರವಂತೆ. ಭಾನುವಾರ ಬಾಗಿಲಿಗೆ ಹೊಸ ಬೀಗ.

ಸುಜುಕಿ ಅವರು ಯಾರು ಎಂದು ನಿಮ್ಮ ವರದಿಗಾರರು ಒಂದು ಮಾತು ಕೇಳಬಹುದಿತ್ತು. ಹುಟ್ಟಿದ್ದು 1954ರಲ್ಲಿ, ಕೋಬೆ ನಗರದಲ್ಲಿ. 12ನೇ ವಯಸ್ಸಿಗೇ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಹುಡುಗ. ಟೋಕಿಯೊದಲ್ಲಿ ಓದಿ, ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಟಾನ್ ಕೂಪ್‌ಮನ್ ಅವರ ಹತ್ತಿರ ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯ) ಕಲಿತರು. 1990ರಲ್ಲಿ ‘ಬಾಖ್ ಕಾಲೇಜಿಯಂ ಜಪಾನ್’ ಎಂಬ ಗಾಯಕ-ವಾದಕರ ತಂಡ ಕಟ್ಟಿದರು. ಬಾಖ್ ಅಂದರೆ ಸುಮಾರು ಮುನ್ನೂರು ವರ್ಷ ಹಿಂದಿನ ಜರ್ಮನ್ ಸಂಗೀತ ರಚನಕಾರ. ಅವರು ಚರ್ಚಿಗಾಗಿ ಬರೆದ ಕ್ಯಾಂಟಾಟಾಗಳಲ್ಲಿ, ಅಂದರೆ ವಾದ್ಯಗಳ ಜೊತೆ ಹಾಡುವ ರಚನೆಗಳಲ್ಲಿ, ಉಳಿದಿರುವುದು ಸುಮಾರು 200. ಅವನ್ನೆಲ್ಲ ಬಾಖ್ ಕಾಲದ ಮಾದರಿಯ ವಾದ್ಯಗಳಲ್ಲಿ, ಕರುಳಿನ ತಂತಿ ಕಟ್ಟಿದ ಪಿಟೀಲುಗಳಲ್ಲಿ, ಇವತ್ತಿನ ಪಿಯಾನೊಗಿಂತ ಅರ್ಧ ಸ್ವರ ಕೆಳಗಿನ ಶ್ರುತಿಯಲ್ಲಿ ಮುದ್ರಿಸಲು ಹೊರಟರು. ದೊಡ್ಡ ಗುಂಪಿನ ಅಬ್ಬರ ಇಲ್ಲ. ಬೆರಳೆಣಿಕೆಯ ಗಾಯಕರು, ಒಬ್ಬೊಬ್ಬರ ಜರ್ಮನ್ ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ಶುರು ಮಾಡಿದ್ದು 1995ರಲ್ಲಿ, ಕೋಬೆ ಭೂಕಂಪದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತ ವರ್ಷ. ಅದೇ ಊರಿನ ಒಂದು ಮಹಿಳಾ ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರದಲ್ಲಿ ಮುದ್ರಣ. ಮುಗಿದದ್ದು 2013ಕ್ಕೆ, 55 ಸಿ.ಡಿ. ಆಯಿತು. ಅದಕ್ಕೂ ಮೊದಲೇ, 2012ರಲ್ಲಿ, ಬಾಖ್ ಕೊನೆತನಕ ದುಡಿದ ಲೈಪ್‌ಜಿಗ್ ನಗರವೇ ಇವರಿಗೆ ಬಾಖ್ ಪದಕ ಕೊಟ್ಟಿತು. ಕ್ರೈಸ್ತರು ನೂರಕ್ಕೆ ಒಬ್ಬರೋ ಇಬ್ಬರೋ ಇರುವ ದೇಶದ ಮನುಷ್ಯನಿಗೆ!

ಊರೇ ಉರುಳಿಬಿದ್ದ ವರ್ಷ ಅವರಿಗೆ ಹಾಡಲು ಜಾಗ ಸಿಕ್ಕಿತು. ಎಲ್ಲಾ ನೆಟ್ಟಗೆ ನಿಂತಿರುವ ಮೈಸೂರಿನಲ್ಲಿ ನಮಗೆ ಬೀಗದ ಕೈ ಸಿಗಲಿಲ್ಲ. ಇದೇ ಊರಿನ ಜಯಚಾಮರಾಜ ಒಡೆಯರು ದುಡ್ಡು ಕೊಟ್ಟಿದ್ದಕ್ಕೆ ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದವು. ಪುಣ್ಯಕ್ಕೆ ಮಹಾರಾಜರು ನಮ್ಮ ಕಚೇರಿಯಲ್ಲಿ ಅರ್ಜಿ ಹಾಕಬೇಕಾಗಿರಲಿಲ್ಲ.

ಕೊನೆಗೆ ಮೆಟ್ಟಿಲ ಮೇಲೆ ಕೂತು, ಒಂದು ಮೊಬೈಲನ್ನು ಸ್ಟೀಲ್ ಲೋಟದೊಳಗಿಟ್ಟು ನಾಲ್ಕನೇ ಕ್ಯಾಂಟಾಟಾ ಕೇಳಿದೆವು. ಲೋಟದಿಂದ ಬಾಖ್! ಎದುರುಗಡೆ ಕಬ್ಬಿನ ಹಾಲಿನ ಯಂತ್ರ ಬೇರೆ. 60 ವಡೆ ತಣ್ಣಗಾದವು. ಸ್ಪೀಕರ್ ಬಾಡಿಗೆ ಹೋಯಿತು, ಆಟೋಗೆ ಎರಡು ಸಲ ಕೊಟ್ಟೆ, ಮಂಡಿ ನೋವು ಜಾಸ್ತಿಯಾಯಿತು. ನಿಮ್ಮ ಸುದ್ದಿ ಓದಿದ ನಿವೃತ್ತ ಬಸ್ ನಿರ್ವಾಹಕರೊಬ್ಬರು ನನ್ನ ನಂಬರ್ ಹುಡುಕಿ ಫೋನ್ ಮಾಡಿ, ಪಿಂಚಣಿ ಬಾಕಿ ಬಗ್ಗೆ ಮುಂದಿನ ಹೋರಾಟ ಯಾವಾಗ ಎಂದು ಕೇಳಿದರು. ಪಾಪ, ಅವರಿಗೆ ಏನು ಹೇಳಲಿ? ನನ್ನ ಹೆಂಡತಿ ಮಾತ್ರ ‘ರೈಟ್ ರೈಟ್’ ಎಂದು ನಗುತ್ತಿದ್ದಾಳೆ.

ಇದು ಇವತ್ತಿನ ಕಥೆಯಲ್ಲ. ಇದೇ ಕಚೇರಿಯಲ್ಲಿ ನಮ್ಮ ಮನೆಯ ಖಾತೆ ಬದಲಾವಣೆಗೆ ಎರಡು ವರ್ಷ ಅಲೆದಿದ್ದೇನೆ. ಮೂರನೇ ಅಡ್ಡರಸ್ತೆಯ ದೀಪ ಹಗಲು ಉರಿಯುತ್ತದೆ, ರಾತ್ರಿ ಮಲಗುತ್ತದೆ. ಒಳಚರಂಡಿ ಮುಚ್ಚಳ ಒಡೆದು ಮಳೆಗಾಲ ಕಳೆಯಿತು, ಮೇಲೆ ಬೇವಿನ ಸೊಪ್ಪು ಚುಚ್ಚಿಟ್ಟವರೂ ನಾವೇ. ಆದರೆ ಅಧಿಕಾರಿಗಳ ವರ್ಗಾವಣೆ ಬೀಳ್ಕೊಡುಗೆಗೆ ಅದೇ ಭವನ ರಾತ್ರಿ 11ರವರೆಗೂ ತೆರೆದಿರುತ್ತದೆ, ಆರ್ಕೆಸ್ಟ್ರಾ ಸಮೇತ!

ಸಂಬಂಧಪಟ್ಟವರು ನನ್ನ 500 ರೂಪಾಯಿ ವಾಪಸ್ ಕೊಡಲಿ. ಬೇಡ, ದುಡ್ಡು ಇಟ್ಟುಕೊಳ್ಳಲಿ, ಭವನ ಕೊಡಲಿ. ಆ ದೀಪವನ್ನೂ ಸರಿಮಾಡಲಿ. ನೀವೂ ತಿದ್ದುಪಡಿ ಹಾಕಿ, ಅದರಲ್ಲಾದರೂ ಸುಜುಕಿ ಅವರನ್ನು ಡಿಪೋಗೆ ಕಳಿಸಬೇಡಿ. ಇದೆಲ್ಲ ಆಗದಿದ್ದರೆ ಭವನದ ಬೋರ್ಡ್ ಕಿತ್ತು ‘ಗೋದಾಮು’ ಎಂದು ಬರೆಸಿಬಿಡಲಿ, ನಾವು ಅರ್ಜಿ ಹಿಡಿದು ಹೋಗುವುದಾದರೂ ತಪ್ಪುತ್ತದೆ.

– ನೊಂದ ಓದುಗ, ಮೈಸೂರು