ಭಾನುವಾರ 10ಕ್ಕೆ ಕೊಳೆಮದ್ದಿನ ಮಾತುಕತೆ

ಎಲ್ಲರಿಗೂ ನಮಸ್ಕಾರ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ (ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣ ಬೆರೆಸಿದ ಮದ್ದು) ಸುಣ್ಣ ಎಷ್ಟು, ತುತ್ತಿನ ಸಮತೂಕ ಸಾಕೋ ಹೆಚ್ಚು ಬೇಕೋ ಅನ್ನುವ ವಾದವನ್ನು ಭಾನುವಾರ ಬೆಳಗ್ಗೆ 10ಕ್ಕೆ ಸೊಸೈಟಿ ಗೋದಾಮಿನಲ್ಲಿ ಕೂತೇ ಬಗೆಹರಿಸೋಣ. ಮಳೆಗೆ ಮೊದಲು ಅಡಿಕೆಗೆ ಮದ್ದು ಹೊಡೆಸುವವರೆಲ್ಲ ಬನ್ನಿ.

ಒಬ್ಬೊಬ್ಬರಿಗೆ 3 ನಿಮಿಷ, ನಡುವೆ ಬಾಯಿ ಹಾಕಬೇಡಿ. 'ತಪ್ಪು' ಅನ್ನುವ ಮೊದಲು ಅವರ ಸುಣ್ಣ ಎಂಥದ್ದು ಅಂತ ಕೇಳಿ. ಸಮತೂಕ ಸಾಕು ಅನ್ನುವವರದು ಹೊಸ ಸುಟ್ಟ ಸುಣ್ಣ ಇರಬಹುದು. ಹೆಚ್ಚು ಬೇಕು ಅನ್ನುವವರದು ಗಾಳಿಗೆ ಸತ್ವ ಕಳೆದುಕೊಂಡದ್ದು. ಹಾಗಾದರೆ ಇಬ್ಬರೂ ಸರಿ.

ಅಲ್ಲೇ ಮಾಡಿಯೂ ನೋಡೋಣ. 100 ಗ್ರಾಂ ಮೈಲುತುತ್ತು 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಬಕೆಟ್. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕದಡಬೇಕು, ತಿರುಗಾಮುರುಗಾ ಬೇಡ. ಉಜ್ಜಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ. ಅಲಗಿಗೆ ಕೆಂಪು ತಾಮ್ರ ಹಿಡಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ. ಸ್ವಲ್ಪ ಸ್ವಲ್ಪವೇ ಸುಣ್ಣದ ನೀರು ಸೇರಿಸಿ ಮತ್ತೆ ಅದ್ದೋಣ.

ನಿಮ್ಮ ಮನೆಯ ಸುಣ್ಣ ಕಾಲು ಕೆ.ಜಿ. ಗಾಳಿಯಾಡದ ಡಬ್ಬಿಯಲ್ಲಿ ತನ್ನಿ. ಹಳೆಯದಾದರೂ ದಯವಿಟ್ಟು ತನ್ನಿ, ಅದೇ ಮುಖ್ಯ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿ 'ಬರ್ತೇನೆ' ಅಂತ ಹಾಕಿ. ಬೇರೆ ಅಭಿಪ್ರಾಯ ಇದ್ದವರು ತಪ್ಪದೇ ಬನ್ನಿ.